ನಾಲ್ಕನೆಯ ವ್ಯಾಗನ್ನಿಗೆ ಜಾಗವಿಲ್ಲ

ಪಾಯಿಂಟು ಕಾಗದದ ಮೇಲೆ ಕೂರಲಿಲ್ಲ.

ಇನ್ಸ್‌ಪೆಕ್ಟರ್ ಅದನ್ನು ಎತ್ತಿ, ತಿರುಗಿಸಿ, ಮತ್ತೊಮ್ಮೆ ನಕ್ಷೆಯ ಮೇಲಿಟ್ಟಳು. ಒಂದು ಹಳಿ ಎರಡಾಗಿ ಕವಲೊಡೆಯುವ ಪುಟ್ಟ ಲೋಹದ ತುಂಡು ಅದು. ಆಟದ ರೈಲಿನದೇ ಹೌದು. ಆದರೆ ಅದನ್ನು ಮಾಡಿದವರು ಆಟಕ್ಕೆ ಮಾಡಿರಲಿಲ್ಲ. ನಕ್ಷೆಯಲ್ಲಿ ಪಾಯಿಂಟಿಗೆ ಬಿಟ್ಟಿದ್ದ ಜಾಗ ನಾಲ್ಕಿಂಚು. ಕೈಯಲ್ಲಿದ್ದ ತುಂಡು ಒಂಬತ್ತಿಂಚು. ಅದರ ಬಾಲ ಪಕ್ಕದ ಸೈಡಿಂಗಿನ, ಎಂದರೆ ವ್ಯಾಗನ್ನು ನಿಲ್ಲಿಸುವ ಹಳಿಯ, ಗೆರೆಯನ್ನು ದಾಟಿ ಹೋಗಿ ನಿಂತಿತು.

“ಏನಮ್ಮಾ, ಆಟಕ್ಕೆ ಕೂತ್ರಾ?” ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ ಜಮಾದಾರ ಕೇಳಿದ. “ಕೂ ಅಂತ ಸೀಟಿ ಹಾಕೋಕೆ ನಾನು ಬೇಕಾದ್ರೆ ಹೇಳಿ. ನಲವತ್ತು ವರ್ಷ ಹಾಕಿದ ಅಭ್ಯಾಸ ಇದೆ.”

“ಹಾಕೋರಂತೆ, ಜಮಾದಾರ್ರೇ. ಅವಸರ ಇಲ್ಲ.”

ಅವಸರವಿತ್ತು. ಮಂಗಳವಾರ ಮಧ್ಯಾಹ್ನ ಇದೇ ಹಲಗೆಯ ಕೆಳಗೆ, ತಲೆಯ ಹಿಂದೆ ಏಟು ಬಿದ್ದು, ಜಮಾದಾರನ ಅಣ್ಣ, ಹಳೆಯ ಯಾರ್ಡ್ ಮೇಷ್ಟ್ರು, ಸತ್ತು ಬಿದ್ದಿದ್ದರು. ಪಕ್ಕದಲ್ಲಿ ಸಿಕ್ಕ ಕತ್ತರಿಯ ದೆಸೆಯಿಂದ ಹೊಲಿಗೆಯವಳೊಬ್ಬಳು ಲಾಕಪ್ಪಿನಲ್ಲಿದ್ದಳು. ಐದು ಗಂಟೆಗೆ ಅವಳನ್ನು ಕೋರ್ಟಿಗೆ ಒಪ್ಪಿಸಬೇಕು. ಆಗ ಎರಡೂ ಮುಕ್ಕಾಲು.

ಕೋಣೆ ಎಂದರೆ ಕೋಣೆಯಲ್ಲ, ಬಾಗಿಲಿಟ್ಟ ಓಣಿ. ಹತ್ತಡಿ ಉದ್ದ, ನಾಲ್ಕಡಿ ಅಗಲ. ಹಿಂದೆ ಮುರುಕು ಕುರ್ಚಿ, ಒಡಕು ಬಕೆಟ್ಟುಗಳನ್ನು ತುಂಬಿಡುತ್ತಿದ್ದ ಜಾಗ. ಒಂದು ಗೋಡೆಗೆ ಆನಿಸಿ, ಎದೆಯ ಎತ್ತರಕ್ಕೆ, ಗೇಣೆರಡು ಅಗಲದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕೂರಿಸಿತ್ತು. ಇಬ್ಬರು ಒಳಗೆ ಬಂದರೆ ಒಬ್ಬರು ಉಸಿರು ಬಿಟ್ಟಾಗ ಇನ್ನೊಬ್ಬರು ಎಳೆದುಕೊಳ್ಳಬೇಕು. ಈಗ ಇನ್ಸ್‌ಪೆಕ್ಟರಳೂ ಮುಖ್ಯಪೇದೆಯೂ ಒಳಗಿದ್ದರು. ಮುಖ್ಯಪೇದೆಯ ಹೊಟ್ಟೆ ಮೂರನೆಯವರ ಜಾಗವನ್ನೂ ಹಿಡಿದಿತ್ತು.

ಠಾಣೆಯವರು ಅವಳನ್ನು ಬೆನ್ನ ಹಿಂದೆ ಜಿಗಣೆ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಿರುವುದು ಅವರಿಗೂ ಗೊತ್ತಿತ್ತು. ಆ ಹೆಸರಿನ ಬಗ್ಗೆ ಯಾರಿಗೂ ನಾಚಿಕೆ ಉಳಿದಿರಲಿಲ್ಲ.

“ಜಮಾದಾರ್ರೇ, ಈ ನಕ್ಷೆ ನಿಮ್ಮಣ್ಣಂದೇ ಅಂದ್ರಿ.”

“ಇನ್ಯಾರದು? ಗೋಡೆಗೆ ಅವನೇ ಅಂಟಿಸ್ಕೊಂಡಿದ್ದ. ಬೆಳಗ್ಗೆ ಎದ್ದು ದೇವರ ಮುಖ ನೋಡೋ ಬದಲು ಅದನ್ನ ನೋಡ್ತಿದ್ದ.”

“ಇವತ್ತು ಬೆಳಗ್ಗೆ ಆಟದ ರೈಲು ಮಾರೋ ಅಂಗಡಿಯವರ ಹತ್ರ ಹೋಗಿದ್ದೆ. ಇಕ್ಕಟ್ಟು ಜಾಗದಲ್ಲಿ ಯಾರ್ಡು ಕಟ್ಟೋಕೆ ಹೊರಡೋರು ಎಲ್ಲಾರೂ ಮೊದಲು ಒಂದೇ ತಪ್ಪು ಮಾಡ್ತಾರಂತೆ. ಪಾಯಿಂಟನ್ನ ಕಾಗದದ ಮೇಲೆ ಸಣ್ಣದಾಗಿ ಬರೆದುಬಿಡ್ತಾರೆ. ಮರದ ಕವಲು ಬರೆದ ಹಾಗೆ, ಒಂದು ಗೆರೆ, ಅದಕ್ಕೊಂದು ರೆಂಬೆ. ಕಾಗದದ ಮೇಲೆ ಎಲ್ಲಾ ಹಿಡಿಸುತ್ತೆ. ಹಲಗೆ ಮೇಲೆ ಹಳಿ ಇಡೋ ದಿನ ಅಳು ಬರುತ್ತೆ.”

“ನಮ್ಮಣ್ಣನೂ ಅತ್ತಿರಬೇಕು, ಬಿಡಿ.”

“ಅಂಗಡಿಯವರು ಇನ್ನೊಂದು ಮಾತು ಹೇಳಿದ್ರು. ನಿಮ್ಮಣ್ಣ ಆ ತಪ್ಪು ಮಾಡೋ ಪೈಕಿ ಅಲ್ಲವಂತೆ. ನಾಲ್ಕು ತಿಂಗಳು ಪಾಯಿಂಟಿನ ಅಚ್ಚನ್ನ ಕಾಗದದಲ್ಲಿ ಪೂರ್ತಿ ಅಳತೆಗೆ ಕತ್ತರಿಸಿ, ಹಲಗೆಗೆ ಗುಂಡುಪಿನ್ನು ಚುಚ್ಚಿ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಜರುಗಿಸಿ ನೋಡ್ತಿದ್ರಂತೆ. ‘ಪಾಯಿಂಟು ತಿನ್ನೋ ಜಾಗಾನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ಕಣಯ್ಯಾ’ ಅಂತ ಅಂಗಡಿಯವರಿಗೇ ಪಾಠ ಹೇಳಿದ್ರಂತೆ. ಆ ಅಚ್ಚುಗಳೆಲ್ಲಿ, ಜಮಾದಾರ್ರೇ? ಒಂದು ತುಂಡು ಕಾಗದಾನೂ ಇಲ್ವಲ್ಲ ಇಲ್ಲಿ.”

“ಕಸ ಗುಡಿಸೋಳು ಗುಡಿಸಿರ್ತಾಳೆ.”

“ಈ ಮನೇಲಿ ಕಸ ಗುಡಿಸೋರು ನೀವೇ ಅಂತ ಪಕ್ಕದ ಮನೆಯಾಕೆ ಹೇಳಿದ್ರು.”

ಮುಖ್ಯಪೇದೆ ನಗು ತಡೆಯಲು ಕೆಮ್ಮಿದ.

ಜಮಾದಾರನಿಗೆ ಎಪ್ಪತ್ತು ದಾಟಿತ್ತು. ಮೇಷ್ಟ್ರ ಖಾಸಾ ತಮ್ಮ. ಅಣ್ಣ ಗೂಡ್ಸ್ ಯಾರ್ಡಿನ ಯಜಮಾನನಾಗಿದ್ದ ಕಾಲದಲ್ಲಿ ಈತ ಅದೇ ಯಾರ್ಡಿನಲ್ಲಿ ಶಂಟಿಂಗ್ ಜಮಾದಾರ. ಬಾವುಟ ಬೀಸಿ ಎಂಜಿನ್ನನ್ನು ಹಿಂದೆ ಮುಂದೆ ಮಾಡಿಸುವವನು. ಇಂಥವರು ಜೀವಮಾನವಿಡೀ ಪಾಯಿಂಟುಗಳನ್ನು ನೋಡುವುದು ಎರಡು ಕಡೆ: ಕಾಲ ಕೆಳಗೆ ನೂರಡಿ ಉದ್ದದ ಉಕ್ಕಾಗಿ, ಕ್ಯಾಬಿನ್ನಿನ ಗೋಡೆಯ ಮೇಲೆ ಬೆರಳುದ್ದದ ಕವಲಾಗಿ. ಕ್ಯಾಬಿನ್ನಿನ ಪಟದಲ್ಲಿ ಯಾವ ಹಳಿ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಮುಖ್ಯ, ಎಷ್ಟುದ್ದ ಎಂಬುದಲ್ಲ. ಹಾಗೆ ಬರೆದು ರೂಢಿಯಾದ ಕೈ, ಬೇರೆಯವರ ನಕ್ಷೆಯನ್ನು ಬರೆಯಲು ಕೂತರೂ ಹಾಗೆಯೇ ಬರೆಯುತ್ತದೆ.

ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. “ಟಾರ್ಚು ಕೊಡಿ” ಎಂದು ಕೈ ಚಾಚಿದಳು.

ಮುಖ್ಯಪೇದೆ ಕೊಟ್ಟ. ಅವಳು ದೀಪ ಆರಿಸಿ, ಟಾರ್ಚನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತಿಸಿದಳು. ಬೆಳಕು ಹಲಗೆಯನ್ನು ಸವರಿಕೊಂಡು ಓಡಿತು. ಅಲ್ಲಿಯವರೆಗೆ ನುಣ್ಣಗೆ ಕಂಡಿದ್ದ ಮರದ ಮೇಲೆ ಸಾಸಿವೆ ಚೆಲ್ಲಿದಂತೆ ನೆರಳುಗಳೆದ್ದವು. ಪಿನ್ನಿನ ತೂತುಗಳು.

“ಅಬ್ಬಾ! ಸಿಡುಬು ಎದ್ದ ಮುಖ ಇದ್ದ ಹಾಗಿದೆ” ಎಂದ ಮುಖ್ಯಪೇದೆ.

“ಹೆಚ್ಚಿನವು ಹಳೇವು. ಧೂಳು ಕೂತಿದೆ. ಬಾಯಿ ಬಿಳುಪಾಗಿರೋದನ್ನ ಮಾತ್ರ ನೋಡಿ. ಅವು ಈ ವಾರದ್ದು. ಒಂದೊಂದಕ್ಕೂ ಒಂದೊಂದು ಕಡ್ಡಿ ಚುಚ್ಚಿ.”

ಮುಖ್ಯಪೇದೆ ಬೆಂಕಿಪೊಟ್ಟಣದ ಕಡ್ಡಿಗಳನ್ನು ಸೀಳಿ ಚುಚ್ಚುತ್ತ ಹೋದ. ಕಡ್ಡಿಗಳು ನಾಲ್ಕು ನಾಲ್ಕಾಗಿ ನಿಂತವು. ನಾಲ್ಕು ಮೂಲೆ, ಒಂದು ಅಚ್ಚು. ಅವಳು ಅಳೆದಳು. ಒಂಬತ್ತಿಂಚು. ಮುಂದಿನದೂ ಒಂಬತ್ತಿಂಚು. ಲೋಹದ ಪಾಯಿಂಟುಗಳನ್ನು ಕಡ್ಡಿಗಳ ನಡುವೆ ಇಟ್ಟಾಗ ಅವು ತೊಟ್ಟಿಲಲ್ಲಿ ಕೂಸು ಮಲಗಿದಂತೆ ಕೂತವು.

“ಇದು ನಿಮ್ಮಣ್ಣನ ನಕ್ಷೆ” ಎಂದಳು. “ಆ ಕಾಗದದಲ್ಲಿರೋದು ಬೇರೆಯವರದ್ದು.”

“ಮನಸ್ಸು ಬದಲಾಯಿಸಿರ್ತಾನೆ. ಆಮೇಲೆ ಹೊಸದು ಬರೆದಿರ್ತಾನೆ.”

“ನಾಲ್ಕು ತಿಂಗಳು ಕಲಿತ ಪಾಠಾನ ಒಂದು ಬೆಳಗ್ಗೆಗೆ ಮರೆತು?”

“ವಯಸ್ಸಾಗಿತ್ತಲ್ಲಮ್ಮಾ.”

ಅವಳು ಕಾಗದದ ನಕ್ಷೆಯ ಬಲತುದಿಗೆ ಬೆರಳಿಟ್ಟಳು. ಅಲ್ಲಿ ಒಂದೇ ಒಂಟಿ ಹಳಿ, ಎಲ್ಲಿಗೂ ಹೋಗದೆ, ಹಲಗೆಯ ಅಂಚಿನಲ್ಲಿ ಕೊನೆಯಾಗುತ್ತಿತ್ತು. ಯಾರ್ಡಿನವರು ಅದನ್ನು ಕುತ್ತಿಗೆ ಎನ್ನುತ್ತಾರೆ. ಒಂದು ಸೈಡಿಂಗಿನಿಂದ ವ್ಯಾಗನ್ನುಗಳನ್ನು ಇನ್ನೊಂದಕ್ಕೆ ಸಾಗಿಸಬೇಕಾದರೆ ಎಂಜಿನ್ನು ಅವನ್ನು ಮೊದಲು ಈ ಕುತ್ತಿಗೆಯೊಳಕ್ಕೆ ಎಳೆದುಕೊಳ್ಳಬೇಕು. ಕೊನೆಯ ಗಾಲಿಯೂ ಪಾಯಿಂಟು ದಾಟಬೇಕು. ಆಮೇಲೆ ಪಾಯಿಂಟ್ಸ್‌ಮನ್ ಸರಳು ಎಳೆದು ದಾರಿ ಬದಲಿಸುತ್ತಾನೆ. ಆಮೇಲೆ ಎಂಜಿನ್ನು ತಳ್ಳುತ್ತದೆ. ಕುತ್ತಿಗೆ ಎಷ್ಟು ಉದ್ದವೋ ಯಾರ್ಡಿನ ಬದುಕು ಅಷ್ಟೇ ಉದ್ದ.

“ಈ ಕಾಗದದ ಪ್ರಕಾರ ಕುತ್ತಿಗೆ ಇಪ್ಪತ್ತೇಳಿಂಚು. ಎಂಜಿನ್ನು ಏಳು, ವ್ಯಾಗನ್ನು ಐದೈದು. ನಾಲ್ಕು ವ್ಯಾಗನ್ನು ಲಾಯಕ್ಕಾಗಿ ಹಿಡಿಸ್ತಾವೆ. ಮೂವತ್ತೊಂದು ವರ್ಷದ ಹಿಂದಿನ ವಿಚಾರಣೆ ವರದೀಲೂ ನಾಲ್ಕೇ. ‘ನಾಲ್ಕು ವ್ಯಾಗನ್ನುಗಳೊಂದಿಗೆ ಎಂಜಿನ್ನು ಕುತ್ತಿಗೆಯನ್ನು ಪೂರ್ತಿಯಾಗಿ ಪ್ರವೇಶಿಸಿತು, ಪಾಯಿಂಟ್ಸ್‌ಮನ್ ಅಜಾಗರೂಕತೆಯಿಂದ ತಪ್ಪು ದಾರಿ ಮಾಡಿದನು, ಹಮಾಲನೊಬ್ಬನು ನಜ್ಜುಗುಜ್ಜಾದನು.’ ನಿಮ್ಮಣ್ಣನ ಸಹಿ, ನಿಮ್ಮ ಸಹಿ. ಪಾಯಿಂಟ್ಸ್‌ಮನ್‌ದು ಹೆಬ್ಬೆಟ್ಟು.”

“ಆಗಿದ್ದು ಹಾಗೇ.”

“ಆ ಪಾಯಿಂಟ್ಸ್‌ಮನ್ ಮಗಳೇ ಈಗ ನನ್ನ ಲಾಕಪ್ಪಲ್ಲಿ ಕೂತಿರೋಳು.”

“ಅದಕ್ಕೇ ಕೊಂದ್ಲು. ನೀವೇ ಕೈದು ಮಾಡಿದ್ರಿ, ನನಗೆ ಹೇಳ್ತೀರಲ್ಲ.”

ಆ ಮಾತು ನಾಟಿತು. ಹಿಂದಿನ ಸಂಜೆ ಬೇಡಿ ತೊಡಿಸಿದ್ದು ಅವಳ ಕೈಯೇ. ಕತ್ತರಿ ನಿನ್ನದೇ ಎಂದು ಕೇಳಿದ್ದಕ್ಕೆ ಹೌದೆಂದಿದ್ದ ಹೆಂಗಸು, ಆ ಮನೆಗೆ ಹೋಗಿದ್ದೆಯಾ ಎಂದಾಗ ಜನ್ಮದಲ್ಲಿ ಹೊಸಿಲು ತುಳಿದಿಲ್ಲ ಎಂದಿದ್ದಳು. ಸುಳ್ಳು ಕಣ್ಣಿಗೆ ಹೊಡೆಯುವಂತಿತ್ತು. ಇನ್ಸ್‌ಪೆಕ್ಟರ್ ಸುಳ್ಳನ್ನೇ ಕೈದು ಮಾಡಿದಳು. ರಾತ್ರಿ ಕಳೆದ ಮೇಲೆ ಅವಳಿಗೆ ಕತ್ತರಿಯ ನೆನಪಾಯಿತು. ಅದು ಬಟ್ಟೆ ಕತ್ತರಿಸುವ ಕತ್ತರಿಯಾಗಿರಲಿಲ್ಲ. ಹೊಲಿಗೆಯವರು ಕಾಗದಕ್ಕೆಂದೇ ಮೊಂಡಾದದ್ದೊಂದನ್ನು ಬೇರೆಯಿಟ್ಟಿರುತ್ತಾರೆ. ಕಾಗದ ತಾಕಿದರೆ ಬಟ್ಟೆ ಕತ್ತರಿಯ ಧಾರೆ ಸತ್ತುಹೋಗುತ್ತದೆ. ಕೊಲ್ಲಲು ಬಂದವಳು ತರುವ ಕತ್ತರಿಯಲ್ಲ ಅದು, ಕಾಗದ ಕತ್ತರಿಸಲು ಬಂದವಳು ತರುವುದು.

“ಇಲ್ಲಿ ಬನ್ನಿ” ಎಂದಳು. “ಬಲತುದೀಲಿ ನೋಡಿ. ಗೋಡೆ ಪಕ್ಕ. ಕುತ್ತಿಗೆಯ ಕೊನೇ ಅಚ್ಚು. ಎಲ್ಲಾ ಅಚ್ಚಿಗೂ ನಾಲ್ಕು ತೂತು. ಇದಕ್ಕೆ ಎರಡೇ.”

“ಎರಡು ಸಾಕು ಅನ್ನಿಸಿರುತ್ತೆ.”

“ಇನ್ನೆರಡು ಗೋಡೆಯ ಆ ಕಡೆ ಇದ್ರೆ?”

ಜಮಾದಾರ ನಕ್ಕ. ನಗು ತುಟಿಯವರೆಗೆ ಬಂದು ಅಲ್ಲಿಯೇ ನಿಂತಿತು. “ನೋಡಿ ತಾಯಿ, ಇದು ಹತ್ತಡಿ ಗೂಡು. ಜಾಗ ಇಲ್ಲದೋನು ಎಲ್ಲಾನೂ ಕತ್ತರಿಸ್ತಾನೆ. ಶೆಡ್ಡು ಕತ್ತರಿಸಿದ, ಪ್ಲಾಟ್‌ಫಾರಂ ಕತ್ತರಿಸಿದ, ಕುತ್ತಿಗೇನೂ ಕತ್ತರಿಸಿದ. ಇಲ್ಲಿ ಮೂರು ಹಿಡಿಸಿದ್ರೆ ಅಲ್ಲೂ ಮೂರೇ ಹಿಡಿಸ್ತಿತ್ತು ಅಂತ ಯಾವ ಜಡ್ಜಿಗೆ ಹೇಳ್ತೀರಿ? ಗೊಂಬೆ ನೋಡಿ ಮನುಷ್ಯಂಗೆ ಅಂಗಿ ಹೊಲಿತೀರಾ?”

ಮಾತು ಚುರುಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಸರಿಯಾಗಿತ್ತು. ಇಕ್ಕಟ್ಟಿನಲ್ಲಿ ಕಟ್ಟಿದ ಯಾವ ಯಾರ್ಡೂ ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು. ಆದರೆ ಅವಳ ಗಮನ ಬೇರೆ ಕಡೆ ಇತ್ತು: ಮೂರು ಹಿಡಿಸುತ್ತದೆ ಎಂದು ಅವಳಿನ್ನೂ ಹೇಳಿರಲಿಲ್ಲ.

ಅವಳು ಎರಡು ಕಡ್ಡಿಗಳ ಎದುರಿನ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿದಳು. ಸುಣ್ಣದ ಬಣ್ಣ ಅಲ್ಲಿ ಅಂಗೈಯಷ್ಟು ಅಗಲಕ್ಕೆ ತುಸು ಹಸಿಯಾಗಿತ್ತು. ಪೆನ್ನಿನ ಹಿಂಬದಿಯಿಂದ ಒತ್ತಿದಾಗ ಮೆತ್ತಿದ್ದ ಮಣ್ಣು ಒಳಕ್ಕೆ ಕುಸಿದು, ಆ ಕಡೆ ಎಲ್ಲಿಯೋ ಬಟ್ಟೆಯ ಮೇಲೆ ಬಿದ್ದ ಮೆತ್ತನೆಯ ಸದ್ದಾಯಿತು.

“ಆ ಕಡೆ ಏನಿದೆ, ಜಮಾದಾರ್ರೇ?”

ಜಮಾದಾರ ಒಂದು ಹೆಜ್ಜೆ ಹಿಂದೆ ಸರಿದ.

“ಇವರದೇ ಕೋಣೆ, ಮೇಡಂ” ಎಂದ ಮುಖ್ಯಪೇದೆ. “ಗೋಡೆಗೆ ಬಟ್ಟೆ ಬೀರು ಆನಿಸಿದೆ.”

ಅವಳು ಮಣ್ಣನ್ನೆಲ್ಲ ಕೆರೆದು ತೆಗೆದಳು. ಉಳಿಯಿಂದ ಕೊರೆದ ಚೊಕ್ಕ ಚೌಕದ ಕಿಂಡಿ. ಆಟದ ಎಂಜಿನ್ನು ನುಸುಳುವಷ್ಟು. ಹಳಿಯ ತುಂಡುಗಳನ್ನು ಜೋಡಿಸಿ ಕಿಂಡಿಯೊಳಕ್ಕೆ ತಳ್ಳಿದಳು. ಅದರ ಮೇಲೆ ಎಂಜಿನ್ನು. ಅದು ಮೆಲ್ಲನೆ ಗೋಡೆಯೊಳಗೆ ಮರೆಯಾಯಿತು. ಹಿಂದೆಯೇ ಒಂದು ವ್ಯಾಗನ್ನು, ಎರಡು, ಮೂರು. ಆ ಕಡೆಯಿಂದ ಟಕ್ ಎಂದಿತು. ಬೀರುವಿನೊಳಗೆ, ಅಂಗಿಗಳ ಮಧ್ಯೆ, ಎಂಜಿನ್ನು ಮರದ ಅಡ್ಡತುಂಡಿಗೆ ತಾಕಿ ನಿಂತಿತ್ತು.

ಅವಳು ನಾಲ್ಕನೆಯ ವ್ಯಾಗನ್ನು ಸೇರಿಸಿದಳು. ಅದರ ಗಾಲಿಗಳು ಸರಿಯಾಗಿ ಪಾಯಿಂಟಿನ ನಾಲಗೆಗಳ ಮೇಲೆ ನಿಂತವು.

“ಈಗ ಪಾಯಿಂಟು ಬದಲಾಯಿಸಿ.”

ಜಮಾದಾರ ಕೈ ಚಾಚಲಿಲ್ಲ.

“ಆಗಲ್ಲ ಅಲ್ವಾ? ಮೇಲೆ ಗಾಲಿ ಇದ್ರೆ ಯಾವ ಗಂಡಸಿನ ಕೈಲೂ ಆಗಲ್ಲ. ತಪ್ಪು ದಾರಿ ಮಾಡೋಕೂ ದಾರಿ ಮಾಡ್ಬೇಕಲ್ಲ? ಅವನು ಸರಳು ಎಳೆದೇ ಇರ್ಲಿಲ್ಲ, ಎಳೆಯೋಕೆ ಬರೋ ಹಾಗೇ ಇರ್ಲಿಲ್ಲ. ಕೊನೇ ವ್ಯಾಗನ್ನು ದಾಟಿತೋ ಇಲ್ವೋ ನೋಡ್ದೆ ಯಾರೋ ತಳ್ಳು ಅಂತ ಬಾವುಟ ಬೀಸಿದ್ರು. ನಾಲ್ಕೂ ವ್ಯಾಗನ್ನು ಬಂದ ದಾರೀಲೇ ವಾಪಸ್ ಹೋದವು. ಅಲ್ಲಿ ಹಮಾಲ ನಿಂತಿದ್ದ. ಬಾವುಟ ಯಾರ ಕೈಲಿತ್ತು?”

“ಕತ್ತರಿಸಿದ ಕುತ್ತಿಗೆ ಅಂತ ಹೇಳಿದ್ನಲ್ಲ...”

“ಕತ್ತರಿಸೋನು ಗೋಡೆ ಯಾಕೆ ಕೊರೀತಾನೆ?” ಅವಳು ದನಿ ಏರಿಸಲಿಲ್ಲ. “ಹಲಗೆ ಸಾಲದೆ ಹೋದಾಗ ಎಲ್ಲಾನೂ ಕಡಿಮೆ ಮಾಡಿದ್ರು. ಇದೊಂದನ್ನ ಮಾತ್ರ ಮುಟ್ಟಲಿಲ್ಲ. ಏಳಿಂಚು ಕಡಿಮೆ ಬಿತ್ತು ಅಂತ ಸ್ವಂತ ತಮ್ಮನ ಬೀರುವಿನ ಬೆನ್ನು ಒಡೆದ್ರು. ಅಷ್ಟು ಹಟ ಯಾಕೆ ಬಂತು ಅವರಿಗೆ?”

ಆಗ ಮುದುಕನ ಒಳಗೆ ಕಟ್ಟಿ ನಿಲ್ಲಿಸಿದ್ದೇನೋ ಒಡೆಯಿತು. ಅದು ಅಳುವಾಗಿ ಬರಲಿಲ್ಲ, ಸಿಟ್ಟಾಗಿ ಬಂತು.

“ಯಾಕೆ? ಒಳ್ಳೆಯವನಾಗೋಕೆ! ಮೂವತ್ತೊಂದು ವರ್ಷ ಬಾಯಲ್ಲಿ ಬೆಣ್ಣೆ ಇಟ್ಕೊಂಡು ಕೂತಿದ್ದ. ಪೆನ್ಷನ್ ತಿಂದ, ಹಾರ ಹಾಕಿಸ್ಕೊಂಡ, ಯಾರ್ಡ್ ಮೇಷ್ಟ್ರು ಯಾರ್ಡ್ ಮೇಷ್ಟ್ರು ಅನ್ನಿಸ್ಕೊಂಡ. ಅವತ್ತು ‘ನೀನು ಸುಮ್ನಿರು, ನಾನು ನೋಡ್ಕೋತೀನಿ’ ಅಂದೋನು ಅವನೇ, ನಾನಲ್ಲ. ಈಗ ಕಾಡು ಕರೆಯೋ ವಯಸ್ಸಲ್ಲಿ ನೆಟ್ಟಗಾಗೋಕೆ ಹೊರಟ. ಅದೂ ಹೇಗೆ? ನನ್ನ ಬೀರು ಕೊರೆದು! ಒಂದಿನ ಬೆಳಗ್ಗೆ ಅಂಗಿ ತೆಗೆಯೋಕೆ ಬಾಗಿಲು ತೆಗೀತೀನಿ, ಅಂಗಿ ಮಧ್ಯದಿಂದ ಎಂಜಿನ್ನು ಮೂತಿ ಹಾಕಿ ನೋಡ್ತಿದೆ!”

ಮುಖ್ಯಪೇದೆ ಈ ಬಾರಿ ಕೆಮ್ಮಲಿಲ್ಲ.

“ನಕ್ಷೆ ಬದಲಾಯಿಸಿದೋರು ನೀವು.”

“ಹೂಂ.”

“ಕೊಂದೋರು?”

“ನಾನಲ್ಲ.” ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. “ಮಧ್ಯಾಹ್ನ ಊಟಕ್ಕೆ ಕರೆಯೋಕೆ ಬಂದೆ, ಬಿದ್ದಿದ್ದ. ಪೋಲೀಸ್ರು ಬರ್ತಾರೆ, ಗೋಡೆ ಮೇಲಿರೋದನ್ನ ಓದ್ತಾರೆ, ನನ್ನ ಹೆಸರಿದೆ ಅಲ್ಲಿ. ಅಣ್ಣನ ಮುಖ ಮುಚ್ಚೋದಕ್ಕೆ ಮುಂಚೆ ಕಿಂಡಿ ಮುಚ್ಚಿದೆ. ಥೂ ಅನ್ನಿ. ನಾನೇ ಅಂದ್ಕೊಂಡಿದೀನಿ.”

“ಅಸಲು ನಕ್ಷೆ ಕೊಡಿ. ಸುಟ್ಟಿಲ್ಲ ನೀವು. ಅದರಲ್ಲಿ ಅಣ್ಣನ ಅಕ್ಷರ ಇದೆ.”

ಜಮಾದಾರ ಕಿಂಡಿಗೆ ಬೆನ್ನು ಮಾಡಿದ. “ಬೇಡ ಬಿಡಿ ತಾಯಿ. ಕೇಳ್ಬೇಡಿ ಅದನ್ನ” ಎಂದ. ದನಿಯಲ್ಲಿ ಮೊದಲ ಬಾರಿಗೆ ವ್ಯಂಗ್ಯವಿರಲಿಲ್ಲ. “ನನಗೆ ಒಳ್ಳೇದಾಗ್ಲಿ ಅಂತ ಹೇಳ್ತಿಲ್ಲ.”

“ಕೊಡಿ.”

ಬೀರುವಿನ ಕೆಳಗಿನ ಅರೆಗೆ ಹಾಸಿದ್ದ ಹಳೆಯ ಪತ್ರಿಕೆಯನ್ನೆತ್ತಿ, ಅದರಡಿಯಿಂದ ಅವನು ಮಡಿಸಿದ ಕಂದು ಕಾಗದವನ್ನು ತೆಗೆದುಕೊಟ್ಟ. ಹಾಸಿಗೆಯ ಮೇಲೆ ಬಿಡಿಸಿದಾಗ ಅದು ಹಾಸಿಗೆಯನ್ನೂ ಮೀರಿ ನೆಲಕ್ಕೆ ಇಳಿಯಿತು.

ಅಷ್ಟು ಶುದ್ಧವಾದ ಕೆಲಸವನ್ನು ಅವಳು ಕಂಡಿರಲಿಲ್ಲ. ಪ್ರತಿ ವಸ್ತುವಿನ ಪಕ್ಕದಲ್ಲಿಯೂ, ಜಾಗ ಸಾಲದೆ ಎಷ್ಟು ಕಡಿಮೆ ಮಾಡಿದೆ ಎಂಬುದನ್ನು ಮೇಷ್ಟ್ರು ತಪ್ಪೊಪ್ಪಿಗೆಯಂತೆ ಬರೆದಿದ್ದರು. ಶೆಡ್ಡು: ಅರ್ಧಕ್ಕರ್ಧ. ಪ್ಲಾಟ್‌ಫಾರಂ: ಕೈಬಿಟ್ಟಿದೆ. ಮೂರನೆಯ ಸೈಡಿಂಗು: ಬಾಗಿಸಿದೆ, ನಿಜದಲ್ಲಿ ನೇರ. ಹಳಿಗಳ ನಡುವೆ ಅಲ್ಲಲ್ಲಿ ಕೆಲವು ಪುಟ್ಟ ಸೊನ್ನೆಗಳೂ ಇದ್ದವು. ಬಲತುದಿಯಲ್ಲಿ: ‘ಕುತ್ತಿಗೆ: ಪೂರ್ತಿ. ಇಪ್ಪತ್ತೆರಡಿಂಚು. ನಿಜದಲ್ಲಿ ನೂರ ಅರವತ್ತು ಅಡಿ, ಇಲಾಖೆಯ ಅಳತೆ ಪುಸ್ತಕ, ಪುಟ ಹದಿನೇಳು. ಒಂದು ನೂಲೂ ಕಡಿಮೆ ಮಾಡಿಲ್ಲ.’ ಅಂಕಿ ಮೂವತ್ತೊಂದು ವರ್ಷವೂ ಆ ಪುಸ್ತಕದಲ್ಲಿಯೇ ಇತ್ತು. ಅದರ ಮೇಲೆ ನಾಲ್ಕು ವ್ಯಾಗನ್ನುಗಳನ್ನು ಇಟ್ಟು ನೋಡಿದವರು ಯಾರೂ ಇರಲಿಲ್ಲ. ಅಡಿಯಲ್ಲಿ ಒಂದೇ ಸಾಲು: ‘ಅಂದು ನಾನು ಬರೆದುಕೊಟ್ಟದ್ದು ಸುಳ್ಳು.’ ಸಹಿ.

ಅವಳ ಎದೆ ಹಗುರಾಗತೊಡಗಿತು. ಆಮೇಲೆ ಬೆರಳಿಗೆ ಪುಡಿ ಅಂಟಿತು.

ಕುತ್ತಿಗೆಯುದ್ದಕ್ಕೂ ನೀಲಿ ಸೀಮೆಸುಣ್ಣದ ಗೆರೆ. ದರ್ಜಿಗಳು ಬಟ್ಟೆಯ ಮೇಲೆ ಎಳೆಯುವ ಚಪ್ಪಟೆ ಸೀಮೆಸುಣ್ಣ. ಕಾಗದವೂ ಹೊಲಿಗೆಯಂಗಡಿಯದೇ, ಅಂಗಿಯ ಮಾದರಿ ಕತ್ತರಿಸುವ ಕಂದು ಹಾಳೆ. ಗೆರೆಯ ಕೊನೆಯಲ್ಲಿ, ಶಾಲೆಯನ್ನು ಬೇಗ ಬಿಟ್ಟವರ ದುಂಡು ಅಕ್ಷರದಲ್ಲಿ: ‘ನನ್ನ ಟೇಪಿನಿಂದ ನಾನೇ ಅಳೆದೆ. ಇಪ್ಪತ್ತೆರಡು ಸರಿ ಇದೆ. ಮಂಗಳವಾರ, ಬೆಳಗ್ಗೆ ಹತ್ತು ಗಂಟೆ.’ ಹೆಸರು ಬರೆದು ಸಹಿ ಹಾಕಿದ್ದಳು.

ಮಂಗಳವಾರ ಮಧ್ಯಾಹ್ನದೊಳಗೆ ಮೇಷ್ಟ್ರು ಸತ್ತಿದ್ದರು.

“ಓದಿದ್ರಾ?” ಎಂದ ಜಮಾದಾರ. “ಅವಳಪ್ಪ ತಪ್ಪು ಮಾಡಿಲ್ಲ ಅಂತ ಇದರಲ್ಲಿದೆ. ಅವಳು ಈ ಮನೆಗೆ ಬಂದಿದ್ಲು ಅಂತಾನೂ ಇದರಲ್ಲೇ ಇದೆ. ಅಪ್ಪನ್ನ ಹಾಳು ಮಾಡಿದೋರು ಯಾರು ಅಂತ ಅವತ್ತೇ ತಿಳ್ಕೊಂಡ್ಲು ಅಂತಾನೂ ಇದೆ. ಒಂದೇ ಕಾಗದ. ಹರಿದು ಅರ್ಧ ಕೊಡೋಕೆ ಬರಲ್ಲ. ಈಗ ಜಿಗಣೆ ಏನು ಮಾಡುತ್ತೆ ನೋಡೋಣ.”

ಆ ಹೆಸರು ಅವನಿಗೂ ಗೊತ್ತಿತ್ತು.

*

ಠಾಣೆಯನ್ನು ಮುಟ್ಟಿದಾಗ ನಾಲ್ಕೂವರೆ. ಜಮಾದಾರನನ್ನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಹೊಲಿಗೆಯವಳನ್ನು ಲಾಕಪ್ಪಿನಿಂದ ಹೊರಗೆ ಕರೆಸಿದಳು. ನಲವತ್ತರ ಆಸುಪಾಸಿನ ಹೆಂಗಸು; ಸೂಜಿ ಹಿಡಿದು ಹಿಡಿದು ತೋರುಬೆರಳ ತುದಿ ಕಾಯಿಕಟ್ಟಿತ್ತು. ಜಮಾದಾರನನ್ನು ಕಂಡದ್ದೇ ಅವಳು ಮುಖ ತಿರುಗಿಸಿದಳು.

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕಂದು ಹಾಳೆಯನ್ನು ಬಿಡಿಸಿದಳು.

ಹೊಲಿಗೆಯವಳು ಅದನ್ನು ನೋಡಿ ಬೆಚ್ಚಲಿಲ್ಲ. ಕಾಯಿಕಟ್ಟಿದ ಬೆರಳಿನಿಂದ ಕುತ್ತಿಗೆಯನ್ನು ಒಂದು ಸಲ ಸವರಿದಳು, ಅಷ್ಟೆ.

“ಸುಟ್ಟು ಹಾಕಿರ್ತಾರೆ ಅಂದ್ಕೊಂಡಿದ್ದೆ.”

“ಆ ಮನೆಗೆ ಹೋಗೇ ಇಲ್ಲ ಅಂದ್ರಲ್ಲಮ್ಮಾ ನೀವು?”

“ಹೋಗಿದ್ದೆ ಅಂದ್ರೆ ಯಾಕೆ ಅಂತ ಕೇಳ್ತೀರಿ. ಇದು ಇಲ್ದೆ ಹೇಳಿದ್ರೆ ಯಾರು ನಂಬ್ತಾರೆ, ಮೇಡಂ? ‘ಎಲ್ಲಾ ಮುಗಿದು ಕೋರ್ಟಿಗೆ ಹೋಗೋವರೆಗೂ ಬಾಯಿ ಬಿಡಬೇಡಮ್ಮಾ, ಬಿಟ್ಟರೆ ಇದನ್ನ ಉಳಿಸಲ್ಲ’ ಅಂತ ಮೇಷ್ಟ್ರು ಮಾತು ತಗೊಂಡಿದ್ರು. ಎರಡು ತಿಂಗಳು ಹೋಗಿದೀನಿ ನಾನು. ಪಾಯಿಂಟಿನ ಅಚ್ಚು ಕತ್ತರಿಸಿಕೊಟ್ಟಿದ್ದೂ ನಾನೇ. ಮೊದಲ್ನೇ ದಿನ ಅವರ ಮುಖಕ್ಕೆ ಉಗುಳೋಣ ಅಂತಾನೇ ಹೋಗಿದ್ದು. ‘ಉಗುಳಮ್ಮಾ, ಆಮೇಲೆ ಟೇಪ್ ಹಿಡಿ’ ಅಂದ್ರು.”

“ಉಗುಳಿದ್ರಾ?”

“ಹೂಂ. ಆಮೇಲೆ ಟೇಪ್ ಹಿಡಿದೆ.”

ಬೆಂಚಿನ ಮೇಲೆ ಜಮಾದಾರ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

“ಇದನ್ನ ಕೋರ್ಟಿಗೆ ಕೊಟ್ರೆ ಅಪ್ಪನ ಮೇಲಿರೋದು ಹೋಗುತ್ತಾ?”

“ಹೋಗುತ್ತೆ.”

“ನಾನು?”

ಇನ್ಸ್‌ಪೆಕ್ಟರ್ ಮುಚ್ಚಿಡಲಿಲ್ಲ. “ಒಳಗೆ. ಎಷ್ಟು ದಿನ ಅಂತ ಹೇಳೋಕಾಗಲ್ಲ. ಕೊಡದೇ ಇದ್ರೆ, ಕತ್ತರಿ ಒಂದನ್ನೇ ನೆಚ್ಚಿಕೊಂಡು ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ ಅಂತ ನಾನೇ ಹೇಳಬಹುದು. ಇವತ್ತೇ ಮನೆಗೆ ಹೋಗ್ತೀರಿ.”

“ಅಪ್ಪ ಹೊರಗಡೇನೇ ಇದ್ರು, ಮೇಡಂ. ಕೊಂದೋನ ಮಗಳು ಅಂತ ನನ್ನ ಹತ್ರ ಯಾರೂ ಅಂಗಿ ಹೊಲಿಸ್ತಿರ್ಲಿಲ್ಲ, ಅಪ್ಪ ಅದನ್ನ ನೋಡ್ತಾ ಹೊರಗಡೇನೇ ಕೂತಿರ್ತಿದ್ರು. ಸಾಯೋವರೆಗೂ.” ಅವಳು ಹಾಳೆಯನ್ನು ಇನ್ಸ್‌ಪೆಕ್ಟರಳ ಕಡೆಗೆ ಸರಿಸಿದಳು. “ಕೊಡಿ.”

ಸರಿಸಿದ ಕೈ ಅರ್ಧದಲ್ಲೇ ನಿಂತಿತು.

“ಇದೇನಿದು?”

“ಯಾವುದು?”

“ಅವತ್ತು ಯಾರ್ಯಾರು ಎಲ್ಲೆಲ್ಲಿ ನಿಂತಿದ್ರು ಅಂತ ಮೇಷ್ಟ್ರು ಸೊನ್ನೆ ಹಾಕಿದ್ರು. ಕ್ಯಾಬಿನ್ ಹತ್ರ ಇದು ಮೇಷ್ಟ್ರೇ. ಇಲ್ಲಿ ಬಾವುಟ ಹಿಡ್ಕೊಂಡು ಇವರು.” ಬೆಂಚಿನ ಕಡೆ ನೋಡದೆಯೇ ಗಲ್ಲದಿಂದ ತೋರಿಸಿದಳು. “ಸರಳಿನ ಹತ್ರ ನಮ್ಮಪ್ಪ. ನಾನು ಹತ್ತೂವರೆಗೆ ಹೊರಟಾಗ ಮೂರೇ ಇದ್ದದ್ದು. ಎಂಜಿನ್ ಮೇಲೆ ಯಾರೂ ಇರ್ಲಿಲ್ಲ.”

ಈಗ ಇತ್ತು. ಕೆಂಪು ಸೀಸದಲ್ಲಿ ಪುಟ್ಟ ಸೊನ್ನೆ. ಪಕ್ಕದಲ್ಲಿ ಮೇಷ್ಟ್ರ ಕೈಬರಹದಲ್ಲಿ, ಹೆಸರಿಲ್ಲದೆ, ‘ಇವತ್ತು ಹನ್ನೊಂದೂವರೆಗೆ ಬರುತ್ತಾನೆ. ಒಪ್ಪಿದ್ದಾನೆ.’

ಇನ್ಸ್‌ಪೆಕ್ಟರಳಿಗೆ ವಿಚಾರಣೆಯ ವರದಿ ಕಣ್ಣ ಮುಂದೆ ಬಂತು. ಹದಿನಾರು ಪುಟ, ಮೂರು ಹೇಳಿಕೆ. ಎಂಜಿನ್ನು ಬಂತು, ಎಂಜಿನ್ನು ಪ್ರವೇಶಿಸಿತು, ಎಂಜಿನ್ನು ತಳ್ಳಿತು. ಅದನ್ನು ಓಡಿಸಿದವನೊಬ್ಬನಿದ್ದ ಎಂದು ಹದಿನಾರು ಪುಟಗಳಲ್ಲಿ ಯಾರೂ ಬರೆದಿರಲಿಲ್ಲ, ಅವಳೂ ಕೇಳಿರಲಿಲ್ಲ.

“ಜಮಾದಾರ್ರೇ, ಮಂಗಳವಾರ ಇಡೀ ಬೆಳಗ್ಗೆ ನೀವು ಮುಂದಿನ ಕೋಣೇಲೇ ಕೂತಿದ್ರಿ. ಹನ್ನೊಂದೂವರೆಗೆ ಯಾರಿಗೆ ಬಾಗಿಲು ತೆಗೆದ್ರಿ?”

“ಯಾರಿಗೂ ತೆಗೀಲಿಲ್ಲ.” ಮುದುಕನೆಂದ. “ಎಂಜಿನ್ ಓಡಿಸಿದೋನಿಗೆ ತೆಗೀಬೇಕಾಗೇ ಇಲ್ಲ. ನಮ್ಮನೆ ಕೀಲಿ ಅವನ ಹತ್ರಾನೇ ಇದೆ.”

“ಯಾರ ಹತ್ರ?”

ಬಾಗಿಲಲ್ಲಿ ಕೋರ್ಟಿನ ಪೇದೆ ಬಂದು ನಿಂತ. “ಮೇಡಂ, ವ್ಯಾನು ಬಂದಿದೆ. ಹೊತ್ತಾಯ್ತು ಅಂತಿದ್ದಾರೆ. ಕರ್ಕೊಂಡು ಹೋಗೋದಾ, ಬಿಟ್ಟು ಕಳಿಸೋದಾ?”

ಜಮಾದಾರ ಬೆಂಚಿನಿಂದ ಎದ್ದ. ಎದ್ದವನು ಇನ್ಸ್‌ಪೆಕ್ಟರಳನ್ನು ನೋಡದೆ, ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಪಾಯಿಂಟ್ಸ್‌ಮನ್ನನ ಮಗಳ ಮುಖ ನೋಡಿದ.

“ಬಿಡಬೇಡಿ ಅವಳನ್ನ” ಎಂದ. “ಆ ಸೊನ್ನೆ ಅವಳ ಕಣ್ಣಿಗೆ ಬಿದ್ದಾಯ್ತು. ಹೊರಗೆ ಅವನಿದ್ದಾನೆ. ಇನ್ನು ಅವಳು ಒಳಗಿದ್ರೇನೇ ಉಳಿಯೋದು.”